ಜೌಗಿನ ಮೇಲೆ ರಸ್ತೆ: ಆತುರ ಬೇಡ

ಮಾನ್ಯ ಸಂಪಾದಕರೇ,

ಜೌಗು ನೆಲದ ರಸ್ತೆ ಕುಸಿದಾಗಲೆಲ್ಲ ನಾವು ಡಾಂಬರನ್ನೇ ಬೈಯುತ್ತೇವೆ, ಅಲ್ವಾ? ತೊಂದರೆ ಇರುವುದು ಕೆಳಗೆ. ಅಲ್ಲಿನ ಮಣ್ಣು ನೀರು ಕುಡಿದ ಸ್ಪಂಜಿನ ಹಾಗೆ, ಭಾರ ಬಿದ್ದರೆ ನೀರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊರಬರುತ್ತಾ ನೆಲ ಕುಗ್ಗುತ್ತಲೇ ಇರುತ್ತದೆ. ಇಂಗ್ಲೆಂಡಿನ ಚಾಟ್ ಮಾಸ್ ಎಂಬ ಜೌಗಿನಲ್ಲಿ ರೈಲು ದಾರಿ ಹಾಕುವಾಗ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಎಷ್ಟು ಮಣ್ಣು ಸುರಿಸಿದರೂ ಜೌಗು ನುಂಗುತ್ತಲೇ ಇತ್ತು; ಕೊನೆಗೆ ಕಡ್ಡಿ, ಪೊದೆಗಳನ್ನು ಹೆಣೆದ ಚಾಪೆ ಹಾಸಿ, ಅದರ ಮೇಲೇ ಹಳಿ ತೇಲಿಸಿದರು. 1830ರಲ್ಲಿ ಶುರುವಾದ ಆ ದಾರಿಯಲ್ಲಿ ಇಂದಿಗೂ ರೈಲು ಓಡುತ್ತಿದೆ. ಈಗಂತೂ ಮಣ್ಣಿನ ಗುಡ್ಡೆ ಹೇರಿ ನೆಲವನ್ನು ಮೊದಲೇ ಕುಗ್ಗಿಸುವ ವಿಧಾನವಿದೆ, ಕಾಯಬೇಕು ಅಷ್ಟೇ. ಇನ್ನೊಂದು ಮಾತು. ಏರಿ ಹಾಕಿ ನೀರಿನ ದಾರಿ ಮುಚ್ಚಿದರೆ ಒಂದು ಕಡೆ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಜೌಗೇ ಒಣಗುತ್ತದೆ. ಮೋರಿಗಳನ್ನು ಜಾಸ್ತಿ ಇಡಿ, ಆಗದಿದ್ದರೆ ರಸ್ತೆಯನ್ನು ಕಂಬಗಳ ಮೇಲೆ ಒಯ್ಯಿರಿ.

– ಒಬ್ಬ ಓದುಗ