ಕಾಂಕ್ರೀಟ್ ಸುರಿಯುವ ಮೊದಲು

ಆತ್ಮೀಯ ಸದಸ್ಯರೇ,

ಯುಗಾದಿ ಸಂಚಿಕೆಯ ಸಂಪಾದಕೀಯ ಎಂದರೆ ಬೇವು-ಬೆಲ್ಲದ ಮಾತು ಇರಲೇಬೇಕು. ಅದನ್ನು ಅಧ್ಯಕ್ಷರ ಪತ್ರಕ್ಕೆ ಬಿಟ್ಟು, ನಾನು ಗ್ಯಾರೇಜಿನ ನೆಲದ ಬಗ್ಗೆ ಬರೆಯುತ್ತೇನೆ. ನಗಬೇಡಿ. ಮಿನ್ನೆಸೋಟದಲ್ಲಿ ಹಿಮ ಕರಗಿ ನೆಲ ಸಡಿಲವಾಗುತ್ತಿದ್ದಂತೆ ಹೊಸ ಮನೆಗಳ ಪಾಯ ತೆಗೆಯುವ ಕೆಲಸ ಶುರುವಾಗುತ್ತದೆ. ಈ ವರ್ಷ ನಮ್ಮ ಸಂಘದಲ್ಲೂ ಮನೆ ಕಟ್ಟಿಸುವವರು ಕೆಲವರಿದ್ದಾರೆ. ಅಡುಗೆಮನೆಯ ಗ್ರಾನೈಟ್ ಯಾವ ಬಣ್ಣ, ದೇವರ ಮನೆ ಯಾವ ದಿಕ್ಕು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಗ್ಯಾರೇಜಿನ ಮಾತು ಬಂದರೆ "ಅದನ್ನ ಬಿಲ್ಡರ್ ನೋಡ್ಕೋತಾನೆ ಬಿಡಿ" ಎಂದು ಮುಗಿಸುತ್ತಾರೆ. ಬಿಲ್ಡರ್ ನೋಡಿಕೊಳ್ಳುತ್ತಾನೆ, ನಿಜ. ನಾಲ್ಕು ಇಂಚು ಕಾಂಕ್ರೀಟ್ ಸುರಿದು ಹೋಗುತ್ತಾನೆ. ಆಮೇಲೆ ಜನವರಿಯಲ್ಲಿ ಮೈನಸ್ 20 ಡಿಗ್ರಿಗೆ ಇಳಿದಾಗ ಗ್ಯಾರೇಜು ಬೆಚ್ಚಗಿರಲು ನೆಲದೊಳಗೆ ಬಿಸಿನೀರಿನ ಪೈಪು ಹಾಕಿಸಬೇಕಿತ್ತು ಅನ್ನಿಸಿದರೆ, ಆ ಕಾಂಕ್ರೀಟನ್ನು ಒಡೆಯಬೇಕು. ಅಥವಾ ಅದರ ಮೇಲೆ ಇನ್ನೊಂದು ಪದರ ಹಾಕಿ ಬಾಗಿಲ ಎತ್ತರದ ಜೊತೆ ಗುದ್ದಾಡಬೇಕು.

ವಿಷಯ ಸರಳ. ಕಾಂಕ್ರೀಟಿನೊಳಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪನ್ನು ಒಂದೊಂದು ಅಡಿ ಬಿಟ್ಟು ಹಾವಿನ ಹಾಗೆ ಹಾಯಿಸುತ್ತಾರೆ. ಬಾಯ್ಲರಿನಿಂದ ಬೆಚ್ಚಗಿನ ನೀರು ಅದರಲ್ಲಿ ಸುತ್ತಿ ವಾಪಸ್ ಬರುತ್ತದೆ. ಕುದಿಯುವ ನೀರೇನೂ ಬೇಡ, 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದರೆ ಸಾಕು. ಎರಡು ಕಾರು ನಿಲ್ಲುವ 24 ಅಡಿಗೆ 24 ಅಡಿ ಗ್ಯಾರೇಜಿಗೆ ಸುಮಾರು 576 ಅಡಿ ಪೈಪು ಬೇಕು. ಒಂದೇ ಸುತ್ತಿನಲ್ಲಿ ಅಷ್ಟು ಉದ್ದ ಓಡಿಸಿದರೆ ಕೊನೆ ಮುಟ್ಟುವಷ್ಟರಲ್ಲಿ ನೀರು ತಣ್ಣಗಾಗುತ್ತದೆ, ಪಂಪಿಗೂ ಕಷ್ಟ. ಅದಕ್ಕೇ 300 ಅಡಿ ಮೀರದ ಹಾಗೆ ಎರಡು ಸುತ್ತು ಮಾಡುತ್ತಾರೆ.

ಆ ನೆಲದ ತೂಕವೇ ಹದಿಮೂರು-ಹದಿನಾಲ್ಕು ಟನ್ನಿನಷ್ಟಾಗುತ್ತದೆ. ಬಿಸಿಯಾಗೋದು ನಿಧಾನ, ಆರೋದೂ ನಿಧಾನ. ಊರಿನ ಬಚ್ಚಲುಮನೆಯ ಹಂಡೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಬೆಳಿಗ್ಗೆ ಏರಿಸಿ ರಾತ್ರಿ ಇಳಿಸುವ ಥರ್ಮೋಸ್ಟಾಟ್ ಆಟ ಇಲ್ಲಿ ನಡೆಯುವುದಿಲ್ಲ. ಚಳಿಗಾಲ ಪೂರ್ತಿ ಒಂದೇ ಮಟ್ಟದಲ್ಲಿ ಬಿಟ್ಟುಬಿಡಬೇಕು. ಅದರ ಲಾಭ ಗೊತ್ತಾಗುವುದು ದೊಡ್ಡ ಬಾಗಿಲು ತೆರೆದಾಗ. ಒಳಗಿದ್ದ ಬೆಚ್ಚಗಿನ ಗಾಳಿಯೆಲ್ಲ ಹೊರಗೆ ಓಡಿಹೋಗುತ್ತದೆ, ಆದರೆ ನೆಲ ಎಲ್ಲಿಗೂ ಹೋಗುವುದಿಲ್ಲ. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಿಗೆಲ್ಲ ಒಳಗೆ ಮತ್ತೆ ಬೆಚ್ಚಗಾಗುತ್ತದೆ.

"ಕಾಂಕ್ರೀಟಿನೊಳಗೆ ಪೈಪು ಸೋರಿದರೆ ಏನ್ ಗತಿ?" ಇದು ಎಲ್ಲರೂ ಕೇಳುವ ಪ್ರಶ್ನೆ. ಹೆದರಿಕೆಗೆ ಇತಿಹಾಸವೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನಿನಲ್ಲಿ ಸಾವಿರಾರು ಮನೆಗಳ ನೆಲದಡಿ ಲೋಹದ ಪೈಪು ಹಾಕಿದ್ದರು. ವರ್ಷಗಳು ಕಳೆದಂತೆ ಎಷ್ಟೋ ಮನೆಗಳಲ್ಲಿ ಅವು ಸೋರತೊಡಗಿದವು. ಅದಕ್ಕೂ ಮುಂಚೆ, 1937ರಲ್ಲೇ, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪಕ್ಕದ ವಿಸ್ಕಾನ್ಸಿನ್ನಿನ ಮ್ಯಾಡಿಸನ್‌ನಲ್ಲಿ ಕಟ್ಟಿದ ಜೇಕಬ್ಸ್ ಮನೆಯ ನೆಲದಡಿಯೂ ಪೈಪು ಇತ್ತು. ಜಪಾನಿನಲ್ಲಿ ಅವರು ಕಂಡ ಕೊರಿಯಾ ಶೈಲಿಯ ಬೆಚ್ಚಗಿನ ಕೋಣೆಯೇ ಅದಕ್ಕೆ ಪ್ರೇರಣೆ. ಈಗ ಹಾಕುವುದು ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು. ತುಕ್ಕು ಹಿಡಿಯುವುದಿಲ್ಲ, ಬಾಗುತ್ತದೆ, ಮುಖ್ಯವಾಗಿ ಕಾಂಕ್ರೀಟಿನೊಳಗೆ ಒಂದೂ ಜೋಡಣೆ ಇರುವುದಿಲ್ಲ. ಈ ಪೈಪಿಗೆ ಹೆಸರಾದ ಉಪೊನಾರ್ ಕಂಪನಿಯ ಉತ್ತರ ಅಮೆರಿಕದ ಕೇಂದ್ರ ನಮ್ಮ ಆಪಲ್ ವ್ಯಾಲಿಯಲ್ಲೇ ಇದೆ, ಎಷ್ಟು ಜನಕ್ಕೆ ಗೊತ್ತೋ! ಒಂದು ಎಚ್ಚರಿಕೆ: ಮನೆಯ ನಲ್ಲಿಗಳಿಗೆ ಹಾಕುವ ಪೆಕ್ಸ್ ಬೇರೆ, ಇದು ಬೇರೆ. ಇದಕ್ಕೆ ಆಮ್ಲಜನಕ ಒಳಗೆ ನುಸುಳದಂತೆ ತಡೆಯುವ ಪದರ ಇರಬೇಕು. ಇಲ್ಲದಿದ್ದರೆ ಪಂಪು, ಬಾಯ್ಲರಿನ ಕಬ್ಬಿಣದ ಭಾಗಗಳಿಗೆ ತುಕ್ಕು ಬರುತ್ತದೆ.

ಪೈಪಿಗಿಂತಲೂ ಜಾಸ್ತಿ ಗಮನ ಕೊಡಬೇಕಾದದ್ದು ಅದರ ಕೆಳಗಿನ ಫೋಮಿಗೆ. ಜಲ್ಲಿ ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಮತ್ತು ಎರಡು ಇಂಚಿನ ಗಟ್ಟಿ ಫೋಮ್, ಅಂದರೆ ಶಾಖ ತಡೆಯುವ ಅಳತೆಯಲ್ಲಿ ಆರ್-10, ಹಾಕಿಸಬೇಕು. ಅದಿಲ್ಲದಿದ್ದರೆ ನೀವು ಗ್ಯಾಸಿಗೆ ಕೊಟ್ಟ ದುಡ್ಡು ಭೂಮಿತಾಯಿಗೆ. ಕಾರಿನ ಭಾರಕ್ಕೆ ಫೋಮ್ ಕುಸಿಯುತ್ತದೆ ಅಂತ ಕೆಲವು ಕೆಲಸಗಾರರು ಹೇಳುತ್ತಾರೆ. ಪ್ರತಿ ಚದರ ಇಂಚಿಗೆ 25 ಪೌಂಡ್ ತಡೆಯುವ ದರ್ಜೆಯದು ಮನೆ ಗ್ಯಾರೇಜಿಗೆ ಧಾರಾಳವಾಗಿ ಸಾಕು.

ಅಂಚುಗಳಿಗೂ ಫೋಮ್ ಬೇಕು. ಅದರಲ್ಲೂ ದೊಡ್ಡ ಬಾಗಿಲ ಕೆಳಗೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಗ್ಯಾರೇಜಿನ ನೆಲ, ಹೊರಗಿನ ಡ್ರೈವ್‌ವೇ ಎರಡನ್ನೂ ನಡುವೆ ಏನೂ ಬಿಡದೆ ಒಂದಕ್ಕೊಂದು ಅಂಟಿಸಿಯೇ ಸುರಿದಿದ್ದಾರೆ. ಒಳಗಿನ ಶಾಖ ಹೊರಗೆ ಹರಿದು ಬಾಗಿಲ ಮುಂದೆ ಗೇಣಗಲ ಹಿಮ ಕರಗುತ್ತದೆ. ನೋಡೋಕೆ ಚೆಂದ. ರಾತ್ರಿ ಆ ನೀರು ಬಾಗಿಲ ರಬ್ಬರಿಗೆ ಅಂಟಿಕೊಂಡು ಗಡ್ಡೆಗಟ್ಟುತ್ತದೆ. ಬೆಳಿಗ್ಗೆ ಗುಂಡಿ ಒತ್ತಿದರೆ ಮೋಟಾರು ಮುಲುಗುತ್ತದೆ, ಬಾಗಿಲು ಏಳುವುದಿಲ್ಲ. ಮನೆಯಾತ ಆಫೀಸಿಗೆ ಹೊರಡುವ ಮುನ್ನ ಬೂಟಿನ ಹಿಮ್ಮಡಿಯಲ್ಲಿ ಆ ಮಂಜುಗಡ್ಡೆ ಒದೆಯುತ್ತಾ ನಿಂತಿರುತ್ತಾನೆ. ಸುರಿಯುವಾಗ ಅಲ್ಲೊಂದು ಫೋಮ್ ಪಟ್ಟಿ ಇಟ್ಟಿದ್ದರೆ ಮುಗಿಯುತ್ತಿತ್ತು.

ಕಾಂಕ್ರೀಟ್ ಸುರಿಯುವ ದಿನ ರಜೆ ಹಾಕಿ, ಸ್ಥಳದಲ್ಲಿರಿ. ಪೈಪನ್ನು ಕಬ್ಬಿಣದ ಜಾಲರಿಗೆ ಕಟ್ಟಿ, ಗಾಳಿ ತುಂಬಿ, ಪೈಪಿನ ತುದಿಗಳೆಲ್ಲ ಬಂದು ಸೇರುವ ಮ್ಯಾನಿಫೋಲ್ಡಿಗೆ ಒತ್ತಡ ತೋರಿಸುವ ಒಂದು ಪ್ರೆಷರ್ ಗೇಜ್ ಹಾಕಿರುತ್ತಾರೆ. ಸುರಿಯುವಾಗಲೂ ಅದು ಹಾಗೇ ಇರಬೇಕು. ಏಕೆಂದರೆ ಅವತ್ತು ಆ ಪೈಪಿನ ಮೇಲೆ ಆಳುಗಳು ಓಡಾಡುತ್ತಾರೆ, ಸಲಿಕೆ ಬೀಳುತ್ತದೆ, ಕೊಕ್ಕೆಯಲ್ಲಿ ಜಾಲರಿ ಎಳೆಯುತ್ತಾರೆ. ಎಲ್ಲಾದರೂ ತೂತಾದರೆ ಗೇಜಿನ ಮುಳ್ಳು ತಕ್ಷಣ ಬೀಳುತ್ತದೆ. ಕಾಂಕ್ರೀಟ್ ಹಸಿಯಾಗಿರುವಾಗ ಅಲ್ಲೇ ಬಗೆದು ಸರಿಮಾಡಬಹುದು. ಮರುದಿನ ಗೊತ್ತಾದರೆ ಬರೀ ಜಗಳ. ಬಿರುಕು ಬಿಡದಂತೆ ಆಮೇಲೆ ನೆಲಕ್ಕೆ ಗರಗಸದ ಗೆರೆ ಹಾಕುತ್ತಾರಲ್ಲ, ಅದು ಸುಮಾರು ಒಂದು ಇಂಚು ಆಳ. ಪೈಪು ಅದಕ್ಕಿಂತ ಚೆನ್ನಾಗಿ ಕೆಳಗಿರಬೇಕು, ಗೆರೆ ದಾಟುವ ಕಡೆ ಮೇಲೊಂದು ಕವಚವೂ ಬೇಕು. ಬಿಸಿನೀರು ಬಿಡಲು ಅವಸರ ಬೇಡ. ಕಾಂಕ್ರೀಟ್ ಹದವಾಗಲು 28 ದಿನ ಕೊಡಿ.

ಇಷ್ಟೆಲ್ಲ ಯಾಕೆ, ಮನೆಗೆ ಬಿಸಿಗಾಳಿ ಕೊಡುವ ಫರ್ನೇಸಿನಿಂದ ಒಂದು ಡಕ್ಟ್ (ಗಾಳಿ ಕೊಳವೆ) ಗ್ಯಾರೇಜಿಗೆ ಎಳೆದರಾಯಿತಲ್ಲ ಎಂದು ಒಬ್ಬರು ಕೇಳಿದರು. ಅದಕ್ಕೆ ಕಟ್ಟಡ ನಿಯಮದಲ್ಲಿ ಅವಕಾಶವೇ ಇಲ್ಲ. ಕಾರಿನ ಹೊಗೆ, ಕಾರ್ಬನ್ ಮೊನಾಕ್ಸೈಡ್ ಅದೇ ದಾರಿಯಲ್ಲಿ ಮಕ್ಕಳ ಕೋಣೆಗೆ ಬರುತ್ತದೆ.

ಹಾಗಂತ ಇದು ಎಲ್ಲರಿಗೂ ಬೇಕು ಎಂದು ನಾನು ಹೇಳುವುದಿಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಮರಗೆಲಸ ಮಾಡುವವರಿಗೆ ಮೇಲೆ ನೇತುಹಾಕುವ ಗ್ಯಾಸ್ ಹೀಟರೇ ಸರಿ. ಅಗ್ಗ, ಬೇಗ ಬಿಸಿ ಮಾಡುತ್ತದೆ. ಗೋಡೆಗೂ ಬಾಗಿಲಿಗೂ ಇನ್ಸುಲೇಶನ್ ಇಲ್ಲದ ಗ್ಯಾರೇಜಿಗೆ ಎರಡೂ ದಂಡ. ನೆಲದ ಶಾಖ ಇರುವುದು ಚಳಿಗಾಲವಿಡೀ ಗ್ಯಾರೇಜ್ ಬಳಸುವವರಿಗೆ. ನಮ್ಮ ಯುಗಾದಿ ನಾಟಕದ ತಾಲೀಮು ಫೆಬ್ರವರಿಯಲ್ಲಿ ಯಾರದ್ದಾದರೂ ಗ್ಯಾರೇಜಿನಲ್ಲೇ ಅಲ್ವಾ? ಜಾಕೆಟ್ ಹಾಕಿಕೊಂಡು ರಾಜನ ಪಾತ್ರ ಮಾಡುವ ಅವಸ್ಥೆ ನೋಡಿದ್ದೇವೆ.

ಕಾರಿಗೆ ಒಳ್ಳೆಯದು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಇಂಜಿನ್ನಿಗೆ ಸುಖ, ನಿಜ. ಆದರೆ ರಸ್ತೆಯ ಉಪ್ಪು ಮೆತ್ತಿದ ಕಾರು ಬೆಚ್ಚಗೆ, ಒದ್ದೆಯಾಗಿ ನಿಂತರೆ ತುಕ್ಕಿಗೂ ಸುಖ. 45ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಸಾಕು, 70 ಬೇಡ. ನೆಲಕ್ಕೆ ಇಳಿಜಾರು ಇರಲಿ. ಒಳಗೆ ಡ್ರೈನ್ ಬೇಕಿದ್ದರೆ ಮೊದಲು ನಿಮ್ಮ ಸಿಟಿಯ ಇನ್ಸ್‌ಪೆಕ್ಟರನ್ನು ಕೇಳಿ. ಕರೆಂಟು ಹೋದಾಗ ಪೈಪು ಹೆಪ್ಪುಗಟ್ಟದಂತೆ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಕಾರಿನ ಕೂಲಂಟ್ ಸುರಿಯಬೇಡಿ.

ಬಜೆಟ್ ಮೀರಿದೆ ಎನ್ನುವವರು ಫೋಮ್ ಮತ್ತು ಪೈಪನ್ನು ಮಾತ್ರ ಈಗ ಹಾಕಿಸಿ. ದೊಡ್ಡ ಖರ್ಚು ಬಾಯ್ಲರಿನದು, ಅದನ್ನು ಯಾವಾಗ ಬೇಕಾದರೂ ತರಬಹುದು. ಸುರಿಯುವ ಮುನ್ನ ಅಳತೆ ಟೇಪನ್ನು ಪೈಪಿನ ಪಕ್ಕದಲ್ಲಿಟ್ಟು ಎಲ್ಲಾ ಮೂಲೆಯಿಂದಲೂ ಫೋಟೋ ತೆಗೆದಿಡಿ. ನಾಳೆ ನೆಲಕ್ಕೆ ಬೋಲ್ಟ್ ಹೊಡೆಯುವವನು ಅದನ್ನು ನೋಡದೆ ಡ್ರಿಲ್ ಹಿಡಿಯಬಾರದು.

ಈಗಾಗಲೇ ಇಂಥ ನೆಲ ಇರುವ ಸದಸ್ಯರು ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಚಳಿಗಾಲದ ಗ್ಯಾಸ್ ಬಿಲ್ಲನ್ನೂ ಹೇಳಿದರೆ ಮನೆ ಕಟ್ಟಿಸುವವರಿಗೆ ಉಪಕಾರವಾಗುತ್ತದೆ.