ಪಾವಗಡದ ಬಿಸಿಲಿನಲ್ಲಿ ಭೂಮಿ ಇಲ್ಲದವರಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ನವೀಕರಿಸಬಹುದಾದ ಇಂಧನ ಹೆಚ್ಚಿದಷ್ಟೂ ಆರ್ಥಿಕತೆ ಬೆಳೆಯುತ್ತದೆ ಎಂಬ ಮಾತು ಪಾವಗಡ ತಾಲ್ಲೂಕಿನ ಮಟ್ಟಿಗೆ ಅರ್ಧ ಮಾತ್ರ ನಿಜ. 2018ರಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ ಪೂರ್ಣಗೊಂಡ ಇಲ್ಲಿನ ಸೌರ ಪಾರ್ಕ್, ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2,050 ಮೆಗಾವಾಟ್. ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಮಳೆ ಕೈಕೊಟ್ಟು, ಬಿತ್ತನೆ ಕಡಲೆಕಾಯಿಯ ಹಣವೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಮನೆಗಳಿಗೆ ಅದು ಎಂಥ ಆಸರೆ ಎಂಬುದನ್ನು ಈ ಸೀಮೆಯವನಾದ ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಕಳೆ ಕಿತ್ತು, ಕಣದಲ್ಲಿ ಕುಳಿತು ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಇರಲಿಲ್ಲವಾದ್ದರಿಂದ ಗುತ್ತಿಗೆ ಪತ್ರದಲ್ಲೂ ಬರಲಿಲ್ಲ. ನಮ್ಮ ಬೀದಿಯ ಒಬ್ಬ ತಾಯಿ ಈಗ ನಸುಕಿಗೇ ಬುತ್ತಿ ಕಟ್ಟಿಕೊಂಡು ಆಂಧ್ರದ ಹೊಲಗಳಿಗೆ ಕೂಲಿಗೆ ಹೋಗುತ್ತಾರೆ. ತಾವು ಇಪ್ಪತ್ತು ವರ್ಷ ದುಡಿದ ಹೊಲದ ತಂತಿಬೇಲಿಯ ಪಕ್ಕದಲ್ಲೇ ಅವರ ಆಟೊ ಸಾಗುತ್ತದೆ. ಕುರಿಗಾಹಿಗಳು ಅದೇ ಬೇಲಿಯನ್ನು ಸುತ್ತಿ ಬಳಸಿ ಮೇವು ಹುಡುಕಬೇಕು. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಪಾರ್ಕಿನೊಳಗೆ ಉಂಟು, ನಿಜ. ಆದರೆ ಸೌರ ಸ್ಥಾವರವನ್ನು ಕಟ್ಟುವಾಗ ಬೇಕಾದಷ್ಟು ಕೈಗಳು ಅದನ್ನು ನಡೆಸುವಾಗ ಬೇಕಾಗುವುದಿಲ್ಲ.

ಇಲ್ಲಿ ಹುಟ್ಟಿದ ವಿದ್ಯುತ್ ಗ್ರಿಡ್ ಸೇರಿ ದೂರದ ಕಾರ್ಖಾನೆ, ಕಚೇರಿಗಳನ್ನು ನಡೆಸುವುದರಿಂದ ಅದರ ಸಂಬಳ, ತೆರಿಗೆ, ಉತ್ಪಾದನೆಗಳೆಲ್ಲ ಆ ಊರುಗಳ ಲೆಕ್ಕಕ್ಕೆ ಸೇರುತ್ತವೆಯೇ ಹೊರತು ನಮ್ಮ ತಾಲ್ಲೂಕಿನಲ್ಲಿ ಉಳಿಯುವುದು ಬಾಡಿಗೆಯೊಂದೇ. ಬಾಡಿಗೆಯಿಂದ ಜೀವನ ಸಾಗೀತು, ಉದ್ಯೋಗ ಹುಟ್ಟದು. ಹಗಲಿನ ಈ ವಿದ್ಯುತ್ತಿನಲ್ಲಿ ಒಂದು ಪಾಲನ್ನು ರಿಯಾಯಿತಿ ದರದಲ್ಲಿ ಇಲ್ಲಿಯೇ ಕೊಟ್ಟರೆ ಎಣ್ಣೆ ಗಾಣಗಳು, ಕಡಲೆಕಾಯಿ ಸುಲಿಯುವ ಘಟಕಗಳು, ಹುಣಸೆಹಣ್ಣಿಗೊಂದು ಶೀತಲಗೃಹ ನಡೆಯಬಲ್ಲವು. ಭೂಮಿ ಇಲ್ಲದ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೇ ಅವನ್ನು ನಡೆಸಲಿ.

ಪಾರ್ಕನ್ನು ವಿಸ್ತರಿಸುವ ಮಾತು ಕೇಳಿಬರುತ್ತಿರುವುದರಿಂದ ಈ ಕೋರಿಕೆಯನ್ನು ಈಗಲೇ ಮುಂದಿಡುತ್ತಿದ್ದೇನೆ. ಹೊಸ ಗುತ್ತಿಗೆಗೆ ಸಹಿ ಬೀಳುವ ಮೊದಲು ಆಯಾ ಗ್ರಾಮದ ಭೂರಹಿತ ಕುಟುಂಬಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಅವರ ಪಾಲನ್ನೂ ಕರಾರಿನಲ್ಲಿ ಬರೆಯಬೇಕು. ಫಲಕಗಳ ಸಾಲಿನ ನಡುವೆ ಬೆಳೆಯುವ ಹುಲ್ಲಿಗೆ ಕುರಿಗಳನ್ನು ಬಿಡಲು ಅನುಮತಿ ನೀಡುವುದಕ್ಕಂತೂ ಹೊಸ ಕರಾರಿಗೆ ಕಾಯಬೇಕಾಗಿಲ್ಲ.

ಒಬ್ಬ ಓದುಗ, ಪಾವಗಡ ತಾಲ್ಲೂಕು