ದನಕ್ಕೂ ಗಂಟೆ ಕಟ್ಟುತ್ತೇವಲ್ಲ: ಅರಣ್ಯ ಸಚಿವರಿಗೆ ಒಬ್ಬ ಸೈಕಲ್ ಸವಾರನ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರಗಳು. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಚಳಿಗಾಲದ ಒಂದು ಭಾನುವಾರ, ಬೆಳಗಿನ ಏಳರ ಹೊತ್ತಿಗೆ, ಕನಕಪುರ ರಸ್ತೆಯ ಆಚೆಗಿನ ಒಂದು ಗುಡ್ಡದಿಂದ ನಾನು ಸೈಕಲ್ಲಿನಲ್ಲಿ ಇಳಿಯುತ್ತಿದ್ದೆ. (ಗುಡ್ಡದ ಹೆಸರು ಬೇಡ. ಬರೆದರೆ ಮುಂದಿನ ಭಾನುವಾರ ಅಲ್ಲಿ ಇನ್ನೂರು ಜನ ಇರುತ್ತಾರೆ.) ಮೇಲಿನ ಬಂಡೆಯ ಮಗ್ಗುಲಲ್ಲಿ ದಾರಿ ಎಡಕ್ಕೆ ಹೊರಳುತ್ತದೆ. ಹೊರಳಿನ ಒಳಬದಿಗೆ ಆಳೆತ್ತರದ ಲಂಟಾನ. ಅದನ್ನು ದಾಟಿದ್ದೇ ತಡ, ಎದುರಿಗೆ ಒಬ್ಬ ಹಿರಿಯರು: ತಲೆಗೆ ಮಫ್ಲರ್, ಕೈಯಲ್ಲಿ ಬಿದಿರಿನ ಕೋಲು. ಎರಡೂ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಪುಡಿಗಲ್ಲಿನ ಮೇಲೆ ಜಾರಿತು. ನಾನು ಪೊದೆಗೆ ಬಿದ್ದೆ, ಅವರು ಹಿಂದಕ್ಕೆ ಸರಿಯಲು ಹೋಗಿ ಅಲ್ಲೇ ಕುಳಿತುಬಿಟ್ಟರು. ಹ್ಯಾಂಡಲ್‌ನ ತುದಿ ಅವರ ಮೊಣಕೈಯನ್ನು ಸವರಿಕೊಂಡು ಹೋಗಿತ್ತು. ಚರ್ಮ ತರಚಿ ರಕ್ತ ಜಿನುಗುತ್ತಿತ್ತು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮಫ್ಲರ್ ಬಿಚ್ಚಿ ಮೊಣಕೈಗೆ ಒತ್ತಿಕೊಂಡು, ಅಡ್ಡ ಬಿದ್ದಿದ್ದ ನನ್ನ ಸೈಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಕೇಳಿದರು: “ಕಾಡಿಗೆ ಬಿಡುವ ದನಕ್ಕೂ ಕೊರಳಿಗೊಂದು ಗಂಟೆ ಕಟ್ಟುತ್ತೇವಲ್ಲಪ್ಪ, ಇದಕ್ಕೇಕೆ ಇಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ತೊಂಬತ್ತು ಸಾವಿರ ಕೊಟ್ಟು ಕೊಂಡ ಸೈಕಲ್ಲು ಅದು. ಮುಂದೆ ಶಾಕ್ ಅಬ್ಸಾರ್ಬರ್ ಇದೆ, ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕ್ ಇದೆ, ನನ್ನ ಎದೆಬಡಿತ ಎಣಿಸುವ ಯಂತ್ರವೂ ಇದೆ. ಗಂಟೆ ಮಾತ್ರ ಇಲ್ಲ. ಈ ಬಗೆಯ ಸೈಕಲ್ಲುಗಳು ಸಾಮಾನ್ಯವಾಗಿ ಗಂಟೆಯಿಲ್ಲದೆಯೇ ಅಂಗಡಿಯಿಂದ ಹೊರಬರುತ್ತವೆ. ಹಾಕಿಸಿಕೊಂಡರೆ ನಮ್ಮ ಗುಂಪಿನಲ್ಲಿ ಹಾಲಿನವನ ಸೈಕಲ್ಲು ಎಂದು ನಗುತ್ತಾರೆ. ಮರುದಿನವೇ ನೂರಿಪ್ಪತ್ತು ರೂಪಾಯಿಯ ಒಂದು ಗಂಟೆ ಹಾಕಿಸಿದೆ. ನಕ್ಕವರು ನಗಲಿ.

ಆ ಹಿರಿಯರು ತೀರ್ಥಹಳ್ಳಿ ಕಡೆಯವರು, ನಿವೃತ್ತ ಪ್ರೌಢಶಾಲಾ ಶಿಕ್ಷಕರು. ನಾನು ಮೇಷ್ಟರೇ ಎನ್ನುತ್ತೇನೆ. ಗಾಯ ಮಾಗಿತೇ ಎಂದು ವಿಚಾರಿಸಲು ಹೋದವನು ಈಗ ತಿಂಗಳಿಗೆ ಎರಡು ಭಾನುವಾರ ಸೈಕಲ್ ಬಿಟ್ಟು ಅವರ ಜೊತೆ ನಡೆಯುತ್ತಿದ್ದೇನೆ. ನಡೆಯುವವನ ಕಣ್ಣಿಗೆ ಅದೇ ದಾರಿ ಬೇರೆಯಾಗಿ ಕಾಣುತ್ತದೆ ಎನ್ನುವುದು ನನಗೆ ತಿಳಿದದ್ದು ಹಾಗೆ. ಸೈಕಲ್ಲಿನ ಮೇಲೆ ಕುಳಿತಾಗ ಚಕ್ರದ ಸದ್ದು ಸವಾರನಿಗೆ ಜೋರಾಗಿ ಕೇಳಿಸುತ್ತದೆ, ಆದ್ದರಿಂದ ಎಲ್ಲರಿಗೂ ಕೇಳಿಸುತ್ತಿದೆ ಎಂದುಕೊಳ್ಳುತ್ತೇವೆ. ಮುಂದೆ ನಡೆಯುತ್ತಿರುವವರಿಗೆ ಅದು ಕಿವಿಗೆ ಬೀಳುವುದು ಬೆನ್ನ ಹಿಂದೆ ಬಂದಮೇಲೆಯೇ. ಆಗ ಮನುಷ್ಯ ಬೆಚ್ಚಿ ಒಂದು ಬದಿಗೆ ಜಿಗಿಯುತ್ತಾನೆ. ಯಾವ ಬದಿಗೆ ಎಂದು ಅವನಿಗೂ ಗೊತ್ತಿರುವುದಿಲ್ಲ, ಸವಾರನಿಗಂತೂ ಇಲ್ಲವೇ ಇಲ್ಲ.

ಒಂದು ದಿನ ಮೇಷ್ಟರೂ ನಾನೂ ಆ ತಿರುವನ್ನು ಅಳೆದೆವು. ಲಂಟಾನದ ಈ ಬದಿ ನಿಂತವನಿಗೆ ಆ ಬದಿಯಿಂದ ಬರುವವನು ಕಾಣುವುದು ಎಂಟು ಹೆಜ್ಜೆ ಉಳಿದಿರುವಾಗ, ಅಂದರೆ ಸುಮಾರು ಆರು ಮೀಟರ್. ಉಳಿದ ಲೆಕ್ಕವನ್ನು ಅವರು ಕೋಲಿನಿಂದ ಮಣ್ಣಿನ ಮೇಲೆಯೇ ಬರೆದರು. ಗಂಟೆಗೆ 25 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಏಳು ಮೀಟರ್. ಕಂಡದ್ದು ಮನುಷ್ಯ ಎಂದು ಅರಿವಾಗಿ ಬೆರಳು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿರಿ, ಏಳು ಮೀಟರ್ ಅಲ್ಲೇ ಹೋಯಿತು. ಸಡಿಲ ಪುಡಿಗಲ್ಲಿನ ಮೇಲೆ ನಿಲ್ಲಲು ಇನ್ನೂ ಆರು ಮೀಟರಾದರೂ ಬೇಕು. ಒಟ್ಟು 13 ಮೀಟರ್ ಬೇಕಾದಲ್ಲಿ ಇರುವುದು ಆರು. ಅದೇ ವೇಗ ಹತ್ತು ಕಿಲೋಮೀಟರಿಗೆ ಇಳಿದರೆ ನಾಲ್ಕು ಮೀಟರಿನಲ್ಲಿ ಸೈಕಲ್ ನಿಲ್ಲುತ್ತದೆ. ಎಷ್ಟೇ ಒಳ್ಳೆಯ ಸವಾರನಾದರೂ, ಎಷ್ಟೇ ದುಬಾರಿ ಬ್ರೇಕಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ನನ್ನ ತಪ್ಪು ನನ್ನದೇ. ಆದರೆ ನಾನು ಹೋದಮೇಲೆ ಅದೇ ತಿರುವಿಗೆ ಇನ್ನೊಬ್ಬ ಬರುತ್ತಾನೆ, ಮೇಷ್ಟರ ಜಾಗದಲ್ಲಿ ಇನ್ನೊಬ್ಬರು ಇರುತ್ತಾರೆ. ಅದಕ್ಕಾಗಿ ಈ ಪತ್ರ.

ಮಾನ್ಯರೇ, ನಮ್ಮ ಊರುಗಳ ಅಂಚಿನ ಗುಡ್ಡಗಾಡಿನಲ್ಲಿ ಸೈಕಲ್ ಸವಾರರು ಇದ್ದಾರೆ, ಆದರೆ ಕಾಗದದಲ್ಲಿ ಇಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಸೇರಿದಮೇಲೆ ಇಲಾಖೆ ಚಾರಣಕ್ಕೆ ಕಡಿವಾಣ ಹಾಕಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ನೋಂದಣಿಯನ್ನೂ, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯನ್ನೂ ತಂದಿತು. ಒಳ್ಳೆಯದೇ ಆಯಿತು, ಗೊಣಗಿದವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದು ಬೇರೆ ಮಾತು. ಆ ವ್ಯವಸ್ಥೆಯ ಹಿಂದಿದ್ದ ವಿಚಾರ ಸರಳ: ಬರುವವರು ಬಂದೇ ಬರುತ್ತಾರೆ, ಆದ್ದರಿಂದ ಎಣಿಸಿ, ಕ್ರಮಕ್ಕೆ ತರೋಣ. ಸೈಕಲ್ಲಿನ ವಿಷಯದಲ್ಲಿ ಈ ವಿಚಾರ ಇನ್ನೂ ಯಾರಿಗೂ ಹೊಳೆದಂತಿಲ್ಲ. ಬಿಡಬೇಕೆಂಬ ಆದೇಶ ನಾನು ಕಂಡಿಲ್ಲ. ಕೂಡದೆಂಬ ಮಾತು ಒಂದು ದಿನ ಗೇಟಿನಲ್ಲಿ ಕೇಳುತ್ತದೆ, ಇನ್ನೊಂದು ದಿನ ಕೇಳುವುದಿಲ್ಲ. ಇಲ್ಲದ ಸವಾರನಿಗೆ ‘ಇಲ್ಲಿ ಇಳಿದು ತಳ್ಳಿಕೊಂಡು ಹೋಗು’ ಎಂದು ಫಲಕ ಹಾಕುವುದಾದರೂ ಹೇಗೆ?

ಪೂರ್ತಿ ನಿಷೇಧಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕೆಲವು ಕಡೆ ನಾನೂ ಹಾಗೇ ಹೇಳುತ್ತೇನೆ. ಬಂಡೀಪುರ, ನಾಗರಹೊಳೆಗಳ ಒಳಗೆ ಸೈಕಲ್ ಬಿಡಿ ಎಂದು ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. ಆನೆ ಹುಲಿಗಳಿರುವಲ್ಲಿ ಸದ್ದಿಲ್ಲದೆ ವೇಗವಾಗಿ ಹೋಗುವುದು ಸವಾರನಿಗೂ ಪ್ರಾಣಿಗೂ ಕೇಡು. ನಾನು ಹೇಳುತ್ತಿರುವುದು ಊರಂಚಿನ ಕುರುಚಲು ಕಾಡಿನ ಮಾತು. ಅಲ್ಲಿ ಬರೀ ನಿಷೇಧದಿಂದ ಆಗುವುದು ಇಷ್ಟೇ: ಮಗಳನ್ನು ಕರೆದುಕೊಂಡು ನಿಧಾನಕ್ಕೆ ತುಳಿಯುವ ತಂದೆ ಮನೆಯಲ್ಲಿ ಉಳಿಯುತ್ತಾನೆ, ಬೇಲಿಯ ಕಂಡಿಯಲ್ಲಿ ನುಸುಳಿ ಕತ್ತಲಲ್ಲಿ ದೀಪ ಕಟ್ಟಿಕೊಂಡು ಇಳಿಯುವ ದುಡುಕನು ಮಾತ್ರ ಬರುತ್ತಾನೆ.

ಬೆಂಗಳೂರಿನ ದಕ್ಷಿಣದಂಚಿನ ತುರಹಳ್ಳಿ ಕಾಡಿನ ನೆನಪು ಇಲಾಖೆಗೆ ಇದ್ದೇ ಇರಬೇಕು. 2021ರಲ್ಲಿ ಆ ಕಾಡನ್ನು ವೃಕ್ಷೋದ್ಯಾನ ಮಾಡುವ ಯೋಜನೆಗೆ ಸುತ್ತಲಿನ ಜನ ಎದ್ದುನಿಂತರು, ಸರ್ಕಾರ ಹಿಂದೆ ಸರಿಯಿತು. ನಡೆಯಲು ಬರುವವರು, ಹಕ್ಕಿ ನೋಡುವವರು, ಸೈಕಲ್ ತುಳಿಯುವವರು ಎಲ್ಲರೂ ಒಂದೇ ಮಾತು ಆಡಿದ ಅಪರೂಪದ ಸಂದರ್ಭ ಅದು: ಕಾಡು ಕಾಡಾಗಿಯೇ ಇರಲಿ. ಕಾಡಿಗಾಗಿ ಒಂದಾದವರು ದಾರಿಗಾಗಿ ಜಗಳವಾಡುತ್ತಿರುವುದು ನೋಡಿದರೆ ನಗು ಬರುತ್ತದೆ. ಹಾಗೆಂದು ದಾರಿ ಸರಿಪಡಿಸುವ ನೆಪದಲ್ಲಿ ಯಾರಾದರೂ ಇಂಟರ್‌ಲಾಕ್ ಟೈಲ್ಸ್ ಹಾಕಿಸಲು ಹೊರಟರೆ, ದಯವಿಟ್ಟು, ಮಾನ್ಯರೇ, ಈ ಪತ್ರವನ್ನೇ ಹರಿದುಹಾಕಿ. ಇರುವ ತಿರುವೇ ವಾಸಿ.

ಈ ಜಗಳ ಮೊದಲು ಹುಟ್ಟಿದ್ದು ಇಲ್ಲಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಚಕ್ರದ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಗಳಲ್ಲಿ ಓಡಿಸತೊಡಗಿದರು. ಇಳಿಯುವ ಹೊತ್ತಿಗೆ ಹಿಂದಿನ ಬ್ರೇಕಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತಂತೆ, ಪ್ರತಿ ಸಲವೂ ಮತ್ತೆ ತುಂಬಬೇಕಾಗುತ್ತಿತ್ತು. ಬೆಟ್ಟದ ಸೈಕಲ್ಲಿನ ತವರು ಎನ್ನುವುದು ಅದನ್ನೇ. ನಡೆಯುವವರ ದೂರು ಮೊದಲು ಜೋರಾದ ಜಾಗಗಳಲ್ಲೂ ಅದು ಒಂದು. ಅಲ್ಲಿನ ಟಮಾಲ್ಪಾಯಿಸ್ ಬೆಟ್ಟದ ಜಲಾನಯನ ಪ್ರದೇಶದಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್ ಮಿತಿ. ಇನ್ನೊಬ್ಬರನ್ನು ದಾಟುವಾಗ, ಕಾಣದ ತಿರುವು ಬಂದಾಗ 5 ಮೈಲಿ, ಎಂದರೆ ಎಂಟು ಕಿಲೋಮೀಟರ್. ಮೇಷ್ಟರು ಮಣ್ಣಿನ ಮೇಲೆ ಬರೆದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ ಎನ್ನುವುದನ್ನು ಗಮನಿಸಿ.

ಇಂಗ್ಲೆಂಡಿನಲ್ಲಿ 1968ರ ಕಾಯ್ದೆಯೊಂದು ಕುದುರೆ ದಾರಿಗಳಲ್ಲಿ ಸೈಕಲ್ ತುಳಿಯುವ ಹಕ್ಕು ಕೊಟ್ಟಿತು. ಕೊಡುವಾಗಲೇ, ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವನು ದಾರಿ ಬಿಡಬೇಕು ಎಂಬ ಷರತ್ತನ್ನೂ ಜೊತೆಗೇ ಕಟ್ಟಿತು. ಹಕ್ಕೂ ಹೊಣೆಯೂ ಒಂದೇ ಕಲಮಿನಲ್ಲಿ. ನನಗೆ ಬೇಕಾಗಿರುವುದೂ ಇಂಥದ್ದೇ. ಯಾವ ದಾರಿಯಲ್ಲಿ ಬರಬಹುದು ಎಂದು ಹೇಳಿ, ಅದೇ ವಾಕ್ಯದಲ್ಲಿ ಯಾರಿಗಾಗಿ ನಿಲ್ಲಬೇಕು ಎಂದೂ ಹೇಳಿ. ಎದುರಿಗೆ ಕಾಲ್ನಡಿಗೆಯವರು ಬಂದರೆ ಸೈಕಲ್ ನಿಲ್ಲಬೇಕು. ಎರಡು ಸೈಕಲ್ ಎದುರಾದರೆ ಇಳಿಯುವವನು ಏರುವವನಿಗೆ ಬಿಡಬೇಕು, ಏಕೆಂದರೆ ಏರಿನಲ್ಲಿ ಒಮ್ಮೆ ಕಾಲೂರಿದರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂಬುದನ್ನು ತುಳಿದವನೇ ಬಲ್ಲ. ಇಷ್ಟಕ್ಕೆ ಎರಡು ಸಾಲು ಸಾಕು.

ಆ ಎರಡು ಸಾಲನ್ನು ಗೇಟಿನ ಬಳಿಯ ದೊಡ್ಡ ಫಲಕದಲ್ಲಿ ಮಾತ್ರ ಬರೆಸಬೇಡಿ. ಅಲ್ಲಿ ಈಗಾಗಲೇ ಪ್ಲಾಸ್ಟಿಕ್, ಬೆಂಕಿ, ಮದ್ಯಪಾನ, ದಂಡ ಎಂದು ಹದಿನಾಲ್ಕು ಸೂಚನೆಗಳಿವೆ. ಅವುಗಳ ಕೆಳಗೆ ಹದಿನೈದನೆಯದನ್ನು ಓದುವ ಪುಣ್ಯಾತ್ಮರನ್ನು ನಾನು ಕಂಡಿಲ್ಲ. ತಿರುವಿಗೆ ಮೂವತ್ತು ಮೀಟರ್ ಮೊದಲು ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟು, ಕನ್ನಡದಲ್ಲಿ ‘ನಿಧಾನ, ಗಂಟೆ ಬಾರಿಸಿ’ ಎಂದು ಬರೆಸಿದರೆ ಸಾಕು.

ನಿಜ ಹೇಳಬೇಕೆಂದರೆ ಬರಹಕ್ಕಿಂತ ದಾರಿಯೇ ಚೆನ್ನಾಗಿ ಹೇಳುತ್ತದೆ. ಅಗಲವಾಗಿ, ನೇರವಾಗಿ, ಇಳಿಜಾರಾಗಿರುವ ದಾರಿ ಸವಾರನನ್ನು ‘ಬಾ, ಬಿಡು’ ಎನ್ನುತ್ತದೆ. ತಿರುವಿನ ಮೊದಲು ಎರಡು ಬಂಡೆಗಳನ್ನು ಒಂದು ಮೀಟರ್ ಅಂತರದಲ್ಲಿ ಉರುಳಿಸಿಟ್ಟರೆ ಎಂಥ ಗಡಿಬಿಡಿಯವನೂ ಬ್ರೇಕ್ ಹಿಡಿಯಲೇಬೇಕು. ಇಳಿಜಾರಿನ ನಡುವೆ ಸಣ್ಣ ಏರು ಕೊಟ್ಟರೆ ವೇಗ ತಾನಾಗಿ ಸಾಯುತ್ತದೆ, ಮಳೆನೀರೂ ದಾರಿಯುದ್ದಕ್ಕೆ ಹರಿಯದೆ ಅಲ್ಲೇ ಬದಿಗೆ ಹೋಗುತ್ತದೆ. ತಿರುವಿನ ಒಳಬದಿಯ ಲಂಟಾನ ಸವರಿದರೆ ಎಂಟು ಹೆಜ್ಜೆ ಕಾಣುವಲ್ಲಿ ಇಪ್ಪತ್ತು ಹೆಜ್ಜೆ ಕಾಣುತ್ತದೆ. ಲಂಟಾನ ಹೇಗೂ ನಮ್ಮ ಕಾಡಿನದಲ್ಲ, ತೆಗೆಯಲೇಬೇಕಾದ ಕಳೆ.

ಕಾಲ ಹಂಚಿಕೊಳ್ಳುವುದೂ ಒಂದು ಉಪಾಯ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಬಳಿ ಮಿಲ್‌ಕ್ರೀಕ್ ಎಂಬ ಕಣಿವೆಯ ಮೇಲ್ಭಾಗದಲ್ಲಿ ಸೈಕಲ್ಲಿಗೆ ಸಮಸಂಖ್ಯೆಯ ತಾರೀಖು ಮಾತ್ರ ಪ್ರವೇಶ. ಬೆಸಸಂಖ್ಯೆಯ ದಿನ ನಡೆಯುವವನು ಬೆನ್ನ ಹಿಂದೆ ತಿರುಗಿ ನೋಡಬೇಕಿಲ್ಲ. ನಮ್ಮಲ್ಲಿ ವಾರಾಂತ್ಯವೇ ಎಲ್ಲರಿಗೂ ಬಿಡುವು, ಆದ್ದರಿಂದ ತಾರೀಖಿಗಿಂತ ಹೊತ್ತು ಹಂಚುವುದು ಹೊಂದುತ್ತದೆ ಎಂದು ನನಗನ್ನಿಸುತ್ತದೆ: ಬೆಳಿಗ್ಗೆ ಎಂಟರವರೆಗೆ ಕಾಲ್ನಡಿಗೆಯವರಿಗೆ, ಆಮೇಲೆ ಸೈಕಲ್ಲಿಗೂ. ನಮ್ಮ ಗುಂಪಿನವರು ಬಿಸಿಲೇರುತ್ತದೆ ಎಂದು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಎಂಟರ ಬಿಸಿಲಿಗೆ ಕರಗುವವರು ಬೆಟ್ಟದ ಸೈಕಲ್ ಯಾಕೆ ಕೊಂಡರು? ಭಾರಿ ಮಳೆಯಾದ ಮರುದಿನ ಸೈಕಲ್ಲಿಗೆ ಬಾಗಿಲು ಮುಚ್ಚಿದರೂ ನನ್ನ ತಕರಾರಿಲ್ಲ. ಹಸಿಮಣ್ಣಿನಲ್ಲಿ ಬಿದ್ದ ಚಕ್ರದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ.

ಇಲ್ಲಿಯವರೆಗೆ ನಡೆಯುವವರು, ತುಳಿಯುವವರು ಎಂದು ಬರೆದೆ. ಈ ದಾರಿಗಳನ್ನು ಮಾಡಿದವರು ಇಬ್ಬರೂ ಅಲ್ಲ. ಮೇಕೆ ಕಾಯುವವರ, ಸೌದೆಗೆ ಹೋಗುವ ಹೆಂಗಸರ ಕಾಲು ಸವೆಸಿ ಮೂಡಿದ ದಾರಿಗಳಿವು. ನಮ್ಮ ಗುಡ್ಡದ ಆ ತಿರುವಿನಲ್ಲೇ ಒಮ್ಮೆ ತಲೆಯ ಮೇಲೆ ಹೊರೆ ಹೊತ್ತ ಒಬ್ಬ ಅಜ್ಜಿ ಎದುರಾದರು. ಹೊರೆಯ ಕಡ್ಡಿಗಳು ದಾರಿಯ ಎರಡೂ ಬದಿಗೆ ಚಾಚಿದ್ದವು, ಕತ್ತು ತಿರುಗಿಸಲು ಅವರಿಗೆ ಆಗುತ್ತಿರಲಿಲ್ಲ. ನಾನೂ ಮೇಷ್ಟರೂ ಪೊದೆಗೆ ಆತುಕೊಂಡು ನಿಂತೆವು. ಅವರು ನಮ್ಮತ್ತ ನೋಡದೆಯೇ, “ಇನ್ನೂ ಒಳಗೆ ಸರಿಯಿರಿ” ಎಂದು ಹೇಳಿ ಹೋದರು. ನಿಯಮ ಮಾಡಲು ಸಭೆ ಕರೆಯುವುದಾದರೆ ನಮ್ಮಂಥ ಹೆಲ್ಮೆಟ್ಟಿನವರನ್ನೂ ಬೂಟಿನವರನ್ನೂ ಮಾತ್ರ ಕರೆಯಬೇಡಿ. ಆ ಅಜ್ಜಿಗೂ ಒಂದು ಕುರ್ಚಿ ಹಾಕಿಸಿ.

ಇಡೀ ರಾಜ್ಯಕ್ಕೆ ಒಂದು ನೀತಿ ಬರೆಯಲು ವರ್ಷಗಳೇ ಬೇಕಾದೀತು. ಅದನ್ನು ಕಾಯುತ್ತೇನೆ. ಆದರೆ ಒಂದು ಗುಡ್ಡ ಆರಿಸಿ, ಒಂದು ಬೇಸಿಗೆ ಮಟ್ಟಿಗೆ ಪ್ರಯೋಗ ಮಾಡಲು ತಮ್ಮ ಒಂದು ಸಹಿ ಸಾಕಲ್ಲವೇ? ಬಂಡೆ ಉರುಳಿಸಲು, ಕಲ್ಲು ನೆಡಲು ಅನುಮತಿ ಕೊಟ್ಟರೆ ಹಾರೆ, ಗುದ್ದಲಿ ಸಮೇತ ಬರುವುದಕ್ಕೆ ನಮ್ಮ ಗುಂಪಿನಲ್ಲಿ ಹನ್ನೊಂದು ಜನ ಒಪ್ಪಿದ್ದಾರೆ. ಗಂಟೆ ಹಾಕಿಸಲು ಒಪ್ಪಿದವರು ಇದುವರೆಗೆ ಏಳು. ಮೇಷ್ಟರು ಉಸ್ತುವಾರಿ ವಹಿಸುತ್ತಾರಂತೆ, ಮಧ್ಯಾಹ್ನದೊಳಗೆ ಬಿಡಬೇಕೆಂಬ ಷರತ್ತಿನ ಮೇಲೆ. ಮುಂಗಾರು ಹಿಡಿದರೆ ಲಂಟಾನ ಮತ್ತೆ ಆಳೆತ್ತರ ಏಳುತ್ತದೆ, ಅಷ್ಟರೊಳಗೆ ಆ ಒಂದು ತಿರುವನ್ನಾದರೂ ಸವರಲು ಅಪ್ಪಣೆ ಕೊಡಿಸಿ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಸವಾರ, ಬೆಂಗಳೂರು ದಕ್ಷಿಣ